ಬೇಸಗೆಯ ಬಿಸಿಲೂ ಮನೆಯ ಕಾವಲುಗಣ್ಣೂ

ಪಾವಗಡ ತಾಲ್ಲೂಕಿನ ತಿರುಮಣಿಯ ಹೆಸರನ್ನು ಇಂದು ನಾಡಿನ ಹೊರಗಿನವರೂ ಬಲ್ಲರು. ಅದಕ್ಕೆ ಕಾರಣ ಅಲ್ಲಿಯ ಬಿಸಿಲು. ಮಳೆ ಕಡಮೆ, ಬೆಳೆಯೆಂದರೆ ಕಡಲೆಕಾಯಿ. ಇಂಥ ಸೀಮೆಯಲ್ಲಿ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ಸೌರ ಫಲಕಗಳು ಎದ್ದು ನಿಂತಿವೆ. ೨೦೧೮ರಲ್ಲಿ ಆರಂಭವಾದ ಈ ಸ್ಥಾವರದ ಸಾಮರ್ಥ್ಯ ಈಗ ೨,೦೫೦ ಮೆಗಾವಾಟ್. ರೈತರು ಭೂಮಿಯನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯೆಂದು ಮೊದಲು ಗೊತ್ತಾದ ಗುತ್ತಿಗೆಗೆ ಕೊಟ್ಟರು. ಬಿಸಿಲೂ ಫಸಲಾದ ಊರು ಎಂದು ತರಗತಿಯಲ್ಲಿ ನಾನು ಹೇಳುವುದುಂಟು. ಆದರೆ ಆ ಫಲಕಗಳಿಗೆ ಬೇಕಾದದ್ದು ಬೆಳಕೇ ಹೊರತು ಕಾವಲ್ಲ. ೨೫ ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಫಲಕವು ಕಾದಂತೆಲ್ಲ, ಡಿಗ್ರಿಯೊಂದಕ್ಕೆ ಅದರ ಶಕ್ತಿ ನೂರಕ್ಕೆ ೦.೩ರಿಂದ ೦.೪ರಷ್ಟು ಕುಂದುತ್ತದೆ. ಬಿಸಿಲನ್ನೇ ಉಂಡು ಬದುಕುವ ಯಂತ್ರದ ಪಾಡು ಇದಾದರೆ, ಬಿಸಿಲು ಬೇಡದ ಯಂತ್ರದ ಪಾಡೇನು?

ಅಂಥದೊಂದು ಯಂತ್ರ ಈಗ ನಮ್ಮ ಮನೆಗಳ ಗೋಡೆಯ ಮೇಲೆಯೇ ಇದೆ. ಅದು ಕಾವಲು ಕ್ಯಾಮೆರಾ. ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದ ತಂದೆತಾಯಿಗಳು ಊರಿನಲ್ಲಿ. ಕೈಯಲ್ಲಿರುವ ಫೋನಿನ ಮೂಲಕ ಮಗಳು ದಿನಕ್ಕೆ ಎರಡು ಸಲವಾದರೂ ತಾಯಿಯ ಮನೆಯ ಪಡಸಾಲೆಯನ್ನೂ ಅಂಗಳವನ್ನೂ ನೋಡಿ ಸಮಾಧಾನಪಡುತ್ತಾಳೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಚಿತ್ರ ಮಾಯವಾಗುತ್ತದೆ. ಮೊದಲ ದಿನ ಗಾಬರಿಯಿಂದ ನೆರೆಮನೆಗೆ ಫೋನು. ಎರಡನೆಯ ದಿನವೂ ಫೋನು. ಹತ್ತನೆಯ ದಿನ, “ಅದು ದಿನಾ ಹಾಗೆಯೇ” ಎಂಬ ಉದಾಸೀನ. ನನಗೆ ಭಯವಾಗುವುದು ಈ ಉದಾಸೀನವನ್ನು ಕಂಡು. ತಾಯಿ ಅಂಗಳದಲ್ಲಿ ಜಾರಿ ಬಿದ್ದರೆ, ಅದು ಆ ಹತ್ತನೆಯ ದಿನವೇ ಆಗಬಾರದೆಂದು ನಿಯಮವೇನೂ ಇಲ್ಲವಲ್ಲ!

ದೇವತೆಗಳನ್ನು ನಮ್ಮ ಹಿರಿಯರು ಅನಿಮಿಷರೆಂದರು. ಅವರು ರೆಪ್ಪೆ ಬಡಿಯರು, ಬೆವರುವುದೂ ಇಲ್ಲ. ಕ್ಯಾಮೆರಾ ರೆಪ್ಪೆ ಬಡಿಯದಿದ್ದರೂ ಬೇಗೆಗೆ ಬಳಲುತ್ತದೆ. ಹೊರಾಂಗಣದ ಕ್ಯಾಮೆರಾಗಳಿಗೆ ತಯಾರಕರು ಸಾಮಾನ್ಯವಾಗಿ ೫೦ ಅಥವಾ ೬೦ ಡಿಗ್ರಿಯ ಮಿತಿಯನ್ನು ಹೇಳಿರುತ್ತಾರೆ. ನಮ್ಮಲ್ಲಿ ೪೦ ಡಿಗ್ರಿ ತಾನೇ ಎಂದು ತಾವು ಕೇಳಬಹುದು. ಆ ೪೦ ನೆರಳಿನ ಗಾಳಿಯ ಲೆಕ್ಕ. ನೇರ ಬಿಸಿಲಿಗೆ ಒಡ್ಡಿದ ಡಬ್ಬಿ, ಅದರಲ್ಲೂ ಕಪ್ಪು ಬಣ್ಣದ್ದು, ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅದರ ಹೊಟ್ಟೆಯೊಳಗಿನ ವಿದ್ಯುತ್ತಿನ ಶಾಖ ಬೇರೆ ಸೇರುತ್ತದೆ. ಆಗ ಚಿತ್ರದಲ್ಲಿ ಚುಕ್ಕಿಗಳು ಏಳುತ್ತವೆ, ಬಣ್ಣ ಕೆಡುತ್ತದೆ, ಕೊನೆಗೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಲ್ಲುತ್ತದೆ. ಚಲನೆಯನ್ನು ಮೈಶಾಖದಿಂದ ಗುರುತಿಸುವ ಬಗೆಯ ಕ್ಯಾಮೆರಾಗಳಿಗೆ ಇನ್ನೊಂದು ತೊಡಕು: ಸುತ್ತಲಿನ ಬಿಸಿ ಮನುಷ್ಯನ ಮೈಬಿಸಿಗೆ ಸಮೀಪಿಸಿದಾಗ, ಎದುರಿಗೆ ಬಂದವನನ್ನೂ ಅವು ಕಾಣದೆ ಹೋಗಬಹುದು.

ಎಲ್ಲ ದೋಷವನ್ನೂ ಸೂರ್ಯನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಮಧ್ಯಾಹ್ನ ಕೆಟ್ಟು, ಇಳಿಹೊತ್ತಿಗೆ ತಾನಾಗಿ ಸರಿಹೋದರೆ ಅದು ಕಾವಿನ ಕಾಟ. ಕತ್ತಲಾದ ಮೇಲೆ ಮಾತ್ರ ಕೆಡುತ್ತಿದ್ದರೆ ವಿದ್ಯುತ್ತಿನ ಸರಬರಾಜನ್ನು ಶಂಕಿಸಿರಿ. ರಾತ್ರಿ ನೋಡಲು ಕ್ಯಾಮೆರಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. ಆಗ ಅದಕ್ಕೆ ವಿದ್ಯುತ್ತು ಹೆಚ್ಚು ಬೇಕು. ೧೨ ವೋಲ್ಟಿನ ಅಡಾಪ್ಟರು ಸಣ್ಣದಾಗಿ, ತಂತಿ ಉದ್ದವಾಗಿ ತೆಳುವಾಗಿದ್ದರೆ, ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ. ಸಂಜೆ ಏಳೆಂಟು ಗಂಟೆಗೆ ಎರಡು ಕಾರಣಗಳೂ ಕೂಡಿಬರುವುದುಂಟು: ಹಗಲೆಲ್ಲ ಕಾದ ಕಲ್ಲುಗೋಡೆ ಇನ್ನೂ ಆರಿರುವುದಿಲ್ಲ, ಅಷ್ಟರಲ್ಲಿ ಆ ದೀಪಗಳ ಶಾಖವೂ ಸೇರುತ್ತದೆ.

ಪರಿಹಾರದಲ್ಲಿ ಮೊದಲನೆಯದು ಸ್ಥಳ. ಉತ್ತರದ ಗೋಡೆಗೆ ಹಾಕಿರೆಂದು ಪರದೇಶದ ಕೈಪಿಡಿಗಳು ಹೇಳುತ್ತವೆ. ಅದು ಅವರ ಸೂರ್ಯನಿಗೆ ಸರಿ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಗೆ ಬಂದು, ಅನಂತರ ಆಗಸ್ಟ್ ಮಧ್ಯದವರೆಗೆ ನಡುಹಗಲಿನಲ್ಲಿ ಉತ್ತರಕ್ಕೇ ಸರಿದಿರುತ್ತಾನೆ. ಆದಕಾರಣ ಉತ್ತರದ ಗೋಡೆಗೂ ಬಿಸಿಲುಂಟು. ಆದರೆ ನಡುಹಗಲ ಸೂರ್ಯ ಬಹಳ ಎತ್ತರದಲ್ಲಿರುವುದರಿಂದ, ಒಂದೂವರೆ ಅಡಿಯ ಸಜ್ಜಾ ಇದ್ದರೆ ಬೇಸಗೆಯಲ್ಲಿ ಉತ್ತರ, ದಕ್ಷಿಣ ಎರಡೂ ಕ್ಷೇಮವೇ. ಬಿಡಬೇಕಾದದ್ದು ಪಡುವಣ ಗೋಡೆಯನ್ನು. ಮೂರು ಗಂಟೆಯ ಬಳಿಕ ಓರೆಯಾಗಿ ಬರುವ ಬಿಸಿಲನ್ನು ಸಜ್ಜಾ ತಡೆಯಲಾರದು. ಗಾಳಿಯೂ ಆಗಲೇ ಅತ್ಯಂತ ಕಾದಿರುವುದು. ಮೂಡಣದ ಬಿಸಿಲು ಅಷ್ಟು ಕ್ರೂರಿಯಲ್ಲ.

ಬೇರೆ ಸ್ಥಳವೇ ಇಲ್ಲವೆಂದರೆ ನೆರಳನ್ನು ಮಾಡಿಕೊಡಿ. ಬಿಳಿಯ ಬಣ್ಣ ಬಳಿದ ತಗಡಿನ ತುಂಡೋ, ಒಂದು ಮಂಗಳೂರು ಹೆಂಚೋ ಸಾಕು. ಭದ್ರವಾಗಿ ಕಟ್ಟಿರಬೇಕು, ಅಷ್ಟೆ. ಅದು ಕ್ಯಾಮೆರಾದ ಮೈಗೆ ತಾಗದೆ ಎರಡು ಬೆರಳಿನಷ್ಟು ಸಂದು ಇರಲಿ, ಗಾಳಿ ಆಡಲಿ. ಛತ್ರಿಯೂ ತಲೆಗೆ ಅಂಟಿಕೊಂಡಿರುವುದಿಲ್ಲವಷ್ಟೆ? ಮಳೆಗೆಂದು ಪ್ಲಾಸ್ಟಿಕ್ ಚೀಲ ತೊಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಅದು ಒಲೆಯ ಮೇಲಿಟ್ಟ ಮುಚ್ಚಿದ ಪಾತ್ರೆಯಾಗುತ್ತದೆ. ತಗಡಿನ ಮಾಡಿಗೆ ನೇರವಾಗಿ ಬಿಗಿಯುವುದೂ ತಪ್ಪು. ನಡುವೆ ಮರದ ಹಲಗೆಯೊಂದನ್ನು ಕೊಡಬೇಕು.

ಈಗಾಗಲೇ ಕಾದು ನಿಂತಿರುವ ಕ್ಯಾಮೆರಾಕ್ಕೆ ನೀರೆರಚಬಾರದು, ಮಂಜುಗಡ್ಡೆ ಒತ್ತಬಾರದು. ಗಾಜು ಸೀಳಬಹುದು, ಒಳಗೆ ಹನಿ ಕಟ್ಟಬಹುದು. ವಿದ್ಯುತ್ ಸಂಪರ್ಕ ತಪ್ಪಿಸಿ ನೆರಳಿನಲ್ಲಿ ತಾನಾಗಿ ಆರಲು ಬಿಡಿ. ಬಳಿಕ ಧೂಳನ್ನೂ ಜೇಡನ ಬಲೆಯನ್ನೂ ಮೆತ್ತನೆಯ ಬಟ್ಟೆಯಿಂದ ಒರೆಸಿ, ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ಅಂಕಿಯನ್ನು ಕ್ಯಾಮೆರಾಕ್ಕೆ ಬೇಕಾದ ಅಂಕಿಯೊಡನೆ ಹೋಲಿಸಿ ನೋಡಿರಿ. ಸೆಕೆಂಡಿಗೆ ೨೫ ಚಿತ್ರಗಳ ಬದಲು ೧೫ ಎಂದು ಗೊತ್ತುಮಾಡಿದರೆ ಯಂತ್ರದ ದುಡಿಮೆ ತಗ್ಗುತ್ತದೆ. ಅಂಗಳದ ಕಾವಲಿಗೆ ಅಷ್ಟು ಧಾರಾಳವಾಗಿ ಸಾಲುತ್ತದೆ. ಬ್ಯಾಟರಿಯ ಕ್ಯಾಮೆರಾ ಇದ್ದವರಿಗೆ ಒಂದು ಎಚ್ಚರಿಕೆ: ಲಿಥಿಯಂ ಬ್ಯಾಟರಿಯನ್ನು ೪೫ ಡಿಗ್ರಿಯ ಮೇಲೆ ಚಾರ್ಜು ಮಾಡಬಾರದು. ಅದು ಉಬ್ಬಿದಂತೆ ಕಂಡರೆ ಮತ್ತೆ ಬಳಸಬೇಡಿ, ಚುಚ್ಚಬೇಡಿ. ಮನೆಯಿಂದ ಹೊರಗೆ, ಉರಿಯುವ ವಸ್ತುಗಳಿಂದ ದೂರವಿಟ್ಟು ರಿಪೇರಿಯವರಿಗೆ ಒಪ್ಪಿಸಿ.

ಗೋಡೆಯ ಕಣ್ಣನ್ನು ಕಾಪಾಡಿದವರೂ ಮರೆಯುವುದು ಒಳಗಿನ ಪೆಟ್ಟಿಗೆಯನ್ನು. ಚಿತ್ರಗಳನ್ನು ಶೇಖರಿಸುವ ಆ ಯಂತ್ರದಲ್ಲಿ ಹಾರ್ಡ್ ಡಿಸ್ಕು ಹಗಲಿರುಳೂ ತಿರುಗುತ್ತಿರುತ್ತದೆ. ಕಳ್ಳನ ಕೈಗೆ ಸಿಗಬಾರದೆಂದು ಅದನ್ನು ಅಲಮಾರಿನಲ್ಲಿ ಬೀಗ ಹಾಕಿ, ಮೇಲೆ ಹಳೆಯ ಸೀರೆ ಹೊದಿಸಿಟ್ಟ ಮನೆಯೊಂದನ್ನು ನಾನು ಬಲ್ಲೆ. ಅಲಮಾರಿನ ಬಾಗಿಲಿಗೆ ಮೇಲೊಂದು ಕೆಳಗೊಂದು ಜಾಲರಿ ಕೂರಿಸಿದರೆ ಬೀಗವೂ ಉಳಿಯುತ್ತದೆ, ಗಾಳಿಯೂ ಹರಿಯುತ್ತದೆ. ಬಡಗಿಗೆ ಅರ್ಧ ದಿನದ ಕೆಲಸ. ಯುಗಾದಿಗೆ ಮುಂಚೆಯೇ ಮಾಡಿಸಿಕೊಳ್ಳುವುದು ಲೇಸು.