ಒಂದೇ ಅಂಕಿ ತಪ್ಪಿತು



ಉಮರ್ಗಾದಲ್ಲಿ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂಡುತ್ತಿದ್ದ ಕಾಲದ ಮಾತು. ಅಡತಿ ಅಂಗಡಿಯ ಹಮಾಲರೊಬ್ಬರು ಮಗಳ ಮದುವೆಗೆಂದು ತಿಂಗಳು ತಿಂಗಳು ಆರ್.ಡಿ. ಕಟ್ಟುತ್ತಿದ್ದರು. ಒಂದು ದಿನ ಅವಧಿಗೆ ಮೊದಲೇ ಖಾತೆ ಮುಚ್ಚಲು ಬಂದರು. ಯಾಕೆಂದು ಕೇಳಿದೆ. “ಸಾಹೇಬ್ರ, ಹೋದ ವಾರ ಒಂದೇ ಅಂಕಿ ತಪ್ಪೇದ. ಈ ಸಲ ಬರ್ತದ ನೋಡ್ರಿ” ಎಂದರು. ಸೋತ ಬೇಸರವೇ ಮುಖದಲ್ಲಿ ಇರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು ರೊಕ್ಕ ಎಣಿಸಿ ಕೊಟ್ಟೆ. ಬುದ್ಧಿ ಹೇಳಲು ನನಗೆ ಬಾಯಿ ಇರಲಿಲ್ಲ. ನನ್ನ ಅಂಗಿಯ ಕಿಸೆಯಲ್ಲಿಯೂ ಆ ವಾರದ ಎರಡು ಟಿಕೆಟುಗಳಿದ್ದವು.

ಈ ‘ಒಂದೇ ಅಂಕಿ’ಯ ಲೆಕ್ಕವನ್ನು ನಾನು ಮಾಡಿ ನೋಡಿದ್ದು ನಿವೃತ್ತನಾದ ಮೇಲೆ. ಐದು ಅಂಕಿಯ ಟಿಕೆಟು ಎಂದರೆ 00000ದಿಂದ 99999ರವರೆಗೆ ಒಂದು ಲಕ್ಷ ಟಿಕೆಟುಗಳು. ಮೊದಲ ಬಹುಮಾನ ಒಂದಕ್ಕೆ. ಆದರೆ ಆ ಸಂಖ್ಯೆಗೆ ಒಂದೇ ಅಂಕಿಯಷ್ಟು ದೂರ ಇರುವ ಟಿಕೆಟುಗಳು ಎಷ್ಟು? ಐದು ಸ್ಥಾನ, ಒಂದೊಂದರಲ್ಲಿ ಒಂಬತ್ತು ತಪ್ಪು ಅಂಕಿ, ಒಟ್ಟು 45. ಟಿಕೆಟುಗಳೆಲ್ಲ ಮಾರಾಟವಾದರೆ ಪ್ರತಿ ಡ್ರಾದಲ್ಲಿಯೂ 45 ಟಿಕೆಟುಗಳು ಹೀಗೆ ತಪ್ಪಲೇಬೇಕು. ಅವುಗಳನ್ನು ಹಿಡಿದವರೆಲ್ಲ ‘ಲಕ್ಷ್ಮಿ ಹೊಸ್ತಿಲಿಗೆ ಬಂದು ಹೋದಳು’ ಎಂದು ಮರುದಿನ ಮತ್ತೆ ಅಂಗಡಿಗೆ ಹೋಗುತ್ತಾರೆ. ತಿರುಗುವ ಚಕ್ರಕ್ಕೆ ಹೋದ ವಾರದ ನೆನಪು ಇರುವುದಿಲ್ಲ.

ಇನ್ನು ಹಣದ ಮಾತು. ತಿಳಿಯಲೆಂದು ಹೇಳುತ್ತೇನೆ: ಐದು ರೂಪಾಯಿಯ ಒಂದು ಲಕ್ಷ ಟಿಕೆಟು ಮಾರಿದರೆ ಐದು ಲಕ್ಷ. ಅದರಲ್ಲಿ ಅರ್ಧ ಬಹುಮಾನಕ್ಕೆ ಇಟ್ಟರೂ ಉಳಿದದ್ದು ಅಚ್ಚಿನ ಖರ್ಚು, ಏಜೆಂಟರ ಕಮಿಷನ್, ಸರ್ಕಾರದ ಪಾಲು. ಎಲ್ಲ ಟಿಕೆಟನ್ನೂ ಒಬ್ಬನೇ ಕೊಂಡರೂ ಅವನಿಗೆ ಎರಡೂವರೆ ಲಕ್ಷ ಲುಕ್ಸಾನು. ದೊಡ್ಡ ಬಹುಮಾನವಾದರೆ ಶೇಕಡಾ 30ರ ಆದಾಯ ತೆರಿಗೆ ಬೇರೆ.

ಹಾಗಾದರೆ ಸರ್ಕಾರ ಇದಕ್ಕೆ ಏಕೆ ಕೈ ಹಾಕಿತು? ಕೇರಳ 1967ರಲ್ಲಿ ಆರಂಭಿಸಿತು. ಟಿಕೆಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ನಮ್ಮ ಮಹಾರಾಷ್ಟ್ರ 1969ರಲ್ಲಿ ಆರಂಭಿಸಿತು. ಜನ ಮಟ್ಕಾದ ಕಡೆ ಹೋಗದಿರಲಿ, ಬಂದ ಹಣ ಲೋಕೋಪಯೋಗಿ ಕೆಲಸಕ್ಕೆ ಆಗಲಿ ಎಂಬುದು ಹೇಳಿದ ಕಾರಣ. ಮಟ್ಕಾ ಹುಟ್ಟಿದ್ದು ಮುಂಬಯಿಯಲ್ಲಿ, ನ್ಯೂಯಾರ್ಕಿನ ಹತ್ತಿಯ ದರದ ಮೇಲೆ ಬಾಜಿ ಕಟ್ಟುವುದರಿಂದ. ಹತ್ತಿ ಬೆಳೆಯುವ ನಮ್ಮ ಸೀಮೆಯವರು ಇದನ್ನು ಕೇಳಿದರೆ ನಗಬಹುದು. 1998ರಲ್ಲಿ ಕೇಂದ್ರದ ಕಾನೂನು ಬಂತು: ಒಂದೇ ಅಂಕಿಯ ಮೇಲೆ ಬಹುಮಾನ ಕೂಡದು, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಕೂಡದು, ಡ್ರಾವನ್ನು ರಾಜ್ಯ ಸರ್ಕಾರವೇ ನಡೆಸಬೇಕು. ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿತು. ಹೀಗಾಗಿ ಬಸವಕಲ್ಯಾಣದಲ್ಲಿ ಅಪರಾಧವಾದದ್ದು ಗಡಿ ದಾಟಿ ಉಮರ್ಗಾಕ್ಕೆ ಬಂದರೆ ಸರ್ಕಾರಿ ವ್ಯವಹಾರ! ಭಾಷೆ ಒಂದೇ, ಬೀಗತನವೂ ಉಂಟು, ಕಾನೂನು ಮಾತ್ರ ಎರಡು.

ಚೀಟಿ ಎತ್ತುವ ಇನ್ನೊಂದು ಪದ್ಧತಿ ನಮ್ಮ ನಿಲಂಗಾ, ಉದಗೀರಗಳ ಓಣಿಗಳಲ್ಲಿ ಉಂಟು. ಅದು ಭಿಶಿ. ಇಪ್ಪತ್ತು ಜನ ತಿಂಗಳಿಗೆ ನೂರು ರೂಪಾಯಿ ಹಾಕುತ್ತಾರೆ, ಎರಡು ಸಾವಿರ ಒಬ್ಬರಿಗೆ. ಇಲ್ಲಿಯೂ ಅದೃಷ್ಟ ಉಂಟು. ಆದರೆ ಅದು ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬಷ್ಟೇ. ಹಣ ಇಟ್ಟುಕೊಂಡವರು ಊರು ಬಿಟ್ಟರೆ ಮಾತ್ರ ಕಷ್ಟ, ಅಂಥದ್ದನ್ನೂ ನೋಡಿದ್ದೇನೆ.

ನಮ್ಮ ಮನೆಯವರು ಓಣಿಯ ಭಿಶಿಯಲ್ಲಿದ್ದರು. ನಾನು ಅವರಿಗೆ ತಿಳಿಯದಂತೆ ವಾರಕ್ಕೆ ಹತ್ತು ರೂಪಾಯಿಯ ಟಿಕೆಟು ಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷಕ್ಕೆ 10,400 ರೂಪಾಯಿ. ಒಟ್ಟು ಬಂದದ್ದು ಮುನ್ನೂರರ ಒಳಗೆ. ಪೆಟ್ಟಿಗೆಯಲ್ಲಿದ್ದ ಹಳೆಯ ಟಿಕೆಟುಗಳ ಕಟ್ಟು ಅವರ ಕೈಗೆ ಸಿಕ್ಕಾಗ ಸಿಟ್ಟು ಮಾಡಲಿಲ್ಲ. “ಹಮಾಲರಿಗೆ ನೀವೇ ರೊಕ್ಕ ಎಣಿಸಿ ಕೊಟ್ರಿ ಅಂದಿರಲ್ಲ, ಅವರ ಮಗಳ ಮದುವಿ ಆಯ್ತೇನ್ರಿ?” ಎಂದು ಕೇಳಿದರು.

ಆ ಹಮಾಲರು ಮತ್ತೆ ನಮ್ಮ ಕೌಂಟರಿಗೆ ಬರಲಿಲ್ಲ.