ದ್ವಿತೀಯ ವರ್ಷದ ಸಂಜೆಗಳು: ಅಭ್ಯಾಸಕ್ಕೊಂದು ಕ್ರಮ

(ಶಾಖಾಮಠದ ವಿದ್ಯಾರ್ಥಿ ಪುರಸ್ಕಾರ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮನೆಯಲ್ಲಿ ಹನ್ನೆರಡನೆಯ ತರಗತಿಯ ಮಗುವೊಂದು ಇದೆಯೆಂದರೆ ಬಂದ ನೆಂಟರೆಲ್ಲರೂ ಕೇಳುವ ಪ್ರಶ್ನೆ ಒಂದೇ: ‘ದಿನಕ್ಕೆ ಎಷ್ಟು ಗಂಟೆ ಓದುತ್ತಾನೆ?’ ಹತ್ತು ಗಂಟೆ ಎಂದರೆ ಎಲ್ಲರಿಗೂ ಸಮಾಧಾನ. ಮೂರು ಗಂಟೆ ಎಂದರೆ ತಾಯಿಯ ಮುಖದಲ್ಲಿ ಚಿಂತೆ. ಆದರೆ ಪುಸ್ತಕದ ಮುಂದೆ ಕುಳಿತ ಹೊತ್ತೆಲ್ಲವೂ ಓದಿದ ಹೊತ್ತಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯದು: ಕಾಲೇಜಿನಿಂದ ಮರಳಿದ ಮೇಲೆ ಮಗುವಿನ ಕೈಯಲ್ಲಿ ನಿಜವಾಗಿ ಉಳಿಯುವ ಹೊತ್ತು ಎಷ್ಟು? ಅದರಲ್ಲಿ ಯಾವ ಹೊತ್ತಿಗೆ ಯಾವ ಕೆಲಸ? ಇಂದಿನ ವಿಚಾರ ಇಷ್ಟೇ.

ಮೊದಲು ಹೊರೆಯ ಸ್ವರೂಪವನ್ನು ತಿಳಿಯಬೇಕು. ಮುಂಬಯಿಯ ವಿಜ್ಞಾನ ವಿದ್ಯಾರ್ಥಿಗೆ ಇರುವುದು ಒಂದು ಪರೀಕ್ಷೆಯಲ್ಲ. ಫೆಬ್ರವರಿಯಲ್ಲಿ ಮಹಾರಾಷ್ಟ್ರ ಮಂಡಳಿಯ ಎಚ್.ಎಸ್.ಸಿ. ಪರೀಕ್ಷೆ. ಅದರಲ್ಲಿ ಭೌತಶಾಸ್ತ್ರಕ್ಕೆ 70 ಅಂಕಗಳ ಲಿಖಿತ ಪರೀಕ್ಷೆ, 30 ಅಂಕಗಳ ಪ್ರಾಯೋಗಿಕ. ಆ ಮೇಲೆ ರಾಜ್ಯದ ಸಿ.ಇ.ಟಿ. ಎಂಜಿನಿಯರಿಂಗ್ ಬಯಸುವವರಿಗೆ ಜೆ.ಇ.ಇ. ಮೇನ್, ವೈದ್ಯಕೀಯ ಬಯಸುವವರಿಗೆ ನೀಟ್. ಒಂದೊಂದರ ರೀತಿಯೂ ಬೇರೆ. ಮಂಡಳಿಯ ಪರೀಕ್ಷೆಯಲ್ಲಿ ಹಂತಹಂತವಾಗಿ ಬರೆದು ತೋರಿಸಬೇಕು. ಜೆ.ಇ.ಇ. ಮೇನ್‌ನಲ್ಲಿ 2025ರಲ್ಲಿ ಮೂರು ಗಂಟೆಗಳಿಗೆ 75 ಪ್ರಶ್ನೆಗಳಿದ್ದವು; ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಳೆತ. ಅದೇ ವರ್ಷದ ನೀಟ್‌ನಲ್ಲಿ 180 ನಿಮಿಷಗಳಿಗೆ 180 ಪ್ರಶ್ನೆಗಳು. ರಾಜ್ಯದ ಸಿ.ಇ.ಟಿ.ಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದರೆ ಅದರ ಪ್ರಶ್ನೆಗಳಲ್ಲಿ ಸುಮಾರು ಶೇಕಡಾ 20 ಭಾಗ ಹನ್ನೊಂದನೆಯ ತರಗತಿಯ ಪಾಠಗಳಿಂದ ಬರುತ್ತದೆ. ‘ಹನ್ನೊಂದು ವಿಶ್ರಾಂತಿಯ ವರ್ಷ’ ಎಂದು ನಂಬಿದವರು ಇಲ್ಲಿ ಎಡವುತ್ತಾರೆ. ಪ್ರವೇಶ ಪರೀಕ್ಷೆಯೇ ಸರ್ವಸ್ವ, ಮಂಡಳಿಯ ಪರೀಕ್ಷೆ ನಾಮಮಾತ್ರ ಎಂಬ ಮಾತೂ ಸರಿಯಲ್ಲ. ಎನ್.ಐ.ಟಿ.ಗಳ ಪ್ರವೇಶಕ್ಕೆ ಸಾಮಾನ್ಯ ವರ್ಗದ ವಿದ್ಯಾರ್ಥಿ ಹನ್ನೆರಡನೆಯ ತರಗತಿಯಲ್ಲಿ ಶೇಕಡಾ 75 ಅಂಕ ಗಳಿಸಿರಬೇಕು, ಇಲ್ಲವೇ ತನ್ನ ಮಂಡಳಿಯಲ್ಲಿ ಮೇಲಿನ ಶೇಕಡಾ 20ರೊಳಗೆ ಇರಬೇಕು ಎಂಬ ನಿಯಮವಿದೆ.

ಹೀಗೆ ಮೂರು ಕಡೆಗೆ ಎಳೆಯುವ ಹಗ್ಗಗಳ ನಡುವೆ ನಿಂತ ಮಗುವಿಗೆ ಹೊತ್ತಿನ ಲೆಕ್ಕವೇ ಮೊದಲ ಆಸರೆ. ಡೊಂಬಿವಿಲಿಯಲ್ಲಿ ವಾಸವಾಗಿದ್ದು ದಾದರಿನ ಕಡೆ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿಯೊಬ್ಬಳನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತಾಳೆ. ವಾರದಲ್ಲಿ ಮೂರು ದಿನ ಕಾಲೇಜು ಮುಗಿಸಿ ಕೋಚಿಂಗ್ ಕ್ಲಾಸಿಗೂ ಹೋಗಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಿಂತು, ಸಂಜೆ ಐದೂವರೆಗೆ ಮನೆಗೆ ಬರುತ್ತಾಳೆ. ಉಳಿದ ಮೂರು ದಿನ ಮಧ್ಯಾಹ್ನ ಎರಡೂವರೆಗೆ ಮರಳುತ್ತಾಳೆ. ರಾತ್ರಿ ಒಂಬತ್ತೂ ಮುಕ್ಕಾಲಿಗೆ ಮಲಗಿ ಬೆಳಿಗ್ಗೆ ಐದೂ ಮುಕ್ಕಾಲಿಗೆ ಎದ್ದರೆ ಎಂಟು ಗಂಟೆಯ ನಿದ್ರೆ.

ಈ ಎಂಟು ಗಂಟೆ ಎಂಬುದು ಸುಖಲೋಲುಪತೆಯ ಮಾತಲ್ಲ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ತಿಳಿಸಿತು. ಹಗಲು ಕಲಿತದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದಕ್ಕೆ ನಿದ್ರೆ ನೆರವಾಗುತ್ತದೆ. ರಾತ್ರಿ ಎರಡರವರೆಗೆ ದೀಪ ಉರಿಸುವ ಮಗು ತಾನು ಓದಿದ್ದನ್ನು ತಾನೇ ಸೋರಿಸಿಕೊಳ್ಳುತ್ತದೆ.

ಕ್ಲಾಸಿರುವ ದಿನ ಐದೂವರೆಯಿಂದ ಒಂಬತ್ತೂ ಮುಕ್ಕಾಲಿನವರೆಗೆ ನಾಲ್ಕೂ ಕಾಲು ಗಂಟೆ. ಅದರಲ್ಲಿ ಕೈಕಾಲು ತೊಳೆದು ತಿಂಡಿ ತಿಂದು ವಿಶ್ರಮಿಸಲು ಅರ್ಧ ಗಂಟೆ, ದೇವರಿಗೆ ದೀಪ ಹಚ್ಚಿ ಸ್ತೋತ್ರ ಹೇಳಲು ಕಾಲು ಗಂಟೆ, ಊಟಕ್ಕೆ ಅರ್ಧ ಗಂಟೆ. ಉಳಿಯುವುದು ಮೂರು ಗಂಟೆ. ಬೇಗ ಬರುವ ದಿನಗಳಲ್ಲಿ ಇದೇ ರೀತಿ ಊಟ, ವಿಶ್ರಾಂತಿ, ಅರ್ಧ ಗಂಟೆಯ ತಿರುಗಾಟವನ್ನೂ ಕಳೆದರೆ ಐದು ಗಂಟೆ ಸಿಗುತ್ತದೆ. ಭಾನುವಾರ ನಾಲ್ಕು ಗಂಟೆ ಸಾಕು. ವಾರಕ್ಕೆ ಒಂಬತ್ತು, ಹದಿನೈದು, ನಾಲ್ಕು, ಒಟ್ಟು 28 ಗಂಟೆ. ಹಬ್ಬಹರಿದಿನ, ಕಾಯಿಲೆ ಕಸಾಲೆಗಳನ್ನು ಬಿಟ್ಟು ವರ್ಷದಲ್ಲಿ ಮೂವತ್ತು ವಾರಗಳನ್ನಷ್ಟೇ ಎಣಿಸಿದರೂ 840 ಗಂಟೆಗಳಾದವು. ಮೂರು ವಿಷಯಗಳಿಗೂ ಭಾಷೆಗೂ ಇದು ಅಲ್ಪವಲ್ಲ. ‘ಹೊತ್ತೇ ಇಲ್ಲ’ ಎಂಬ ಭಯ ಈ ಲೆಕ್ಕವನ್ನು ಕಾಗದದ ಮೇಲೆ ಬರೆದಾಗ ಅರ್ಧ ಇಳಿಯುತ್ತದೆ.

ಇನ್ನು ಆ ಮೂರು ಗಂಟೆಗಳ ವಿನಿಯೋಗ. ಮನಸ್ಸು ಚುರುಕಾಗಿರುವ ಮೊದಲ ಎಪ್ಪತ್ತೈದು ನಿಮಿಷ ಅತ್ಯಂತ ಕಠಿಣವಾದ ಕೆಲಸಕ್ಕೆ ಮೀಸಲಾಗಬೇಕು. ಗಣಿತದ ಅಥವಾ ಭೌತಶಾಸ್ತ್ರದ ಲೆಕ್ಕಗಳನ್ನು ಉತ್ತರ ನೋಡದೆ ಬಿಡಿಸುವ ಹೊತ್ತು ಅದು. ಹತ್ತು ನಿಮಿಷ ಎದ್ದು ಓಡಾಡಿದ ಮೇಲೆ ನಲವತ್ತೈದು ನಿಮಿಷ ಆ ದಿನ ಕಾಲೇಜಿನಲ್ಲಿ ಆದ ಪಾಠ. ಊಟದ ನಂತರ ನಲವತ್ತು ನಿಮಿಷ ರಸಾಯನಶಾಸ್ತ್ರ ಅಥವಾ ಜೀವಶಾಸ್ತ್ರದ ಹಳೆಯ ಪಾಠದ ಪುನರಾವರ್ತನೆ. ಕೊನೆಯ ಹತ್ತು ನಿಮಿಷದಲ್ಲಿ ಎರಡು ಚಿಕ್ಕ ಕೆಲಸಗಳು: ಅಂದು ಮಾಡಿದ ತಪ್ಪುಗಳನ್ನು ಒಂದು ಬೇರೆ ವಹಿಯಲ್ಲಿ ಬರೆಯುವುದು, ನಾಳೆ ಮೊದಲು ಏನು ಎಂಬುದನ್ನು ಚೀಟಿಯಲ್ಲಿ ಗುರುತಿಸುವುದು. ‘ಭೌತಶಾಸ್ತ್ರ ಓದಬೇಕು’ ಎಂದು ಬರೆದರೆ ಸಾಲದು. ‘ಆವರ್ತನ ಚಲನೆ, ಅಭ್ಯಾಸದ ಮೊದಲ ಎಂಟು ಲೆಕ್ಕ’ ಎಂದು ಬರೆಯಬೇಕು. ಮರುದಿನ ದಣಿದು ಬಂದ ಮಗು ‘ಏನು ಓದಲಿ’ ಎಂದು ಯೋಚಿಸುತ್ತ ಅರ್ಧ ಗಂಟೆ ಕಳೆಯುವುದು ಇದರಿಂದ ತಪ್ಪುತ್ತದೆ.

ಒಂದೇ ಬಾರಿಗೆ ದೀರ್ಘಕಾಲ ಕುಳಿತುಕೊಳ್ಳಲಾರದ ಮಕ್ಕಳಿಗೆ ಬೇರೊಂದು ದಾರಿಯುಂಟು. ಇಟಲಿಯ ಫ್ರಾಂಚೆಸ್ಕೊ ಚಿರಿಲೊ ಎಂಬವರು 1980ರ ದಶಕದ ಕೊನೆಯಲ್ಲಿ, ತಾವು ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವನ್ನಿಟ್ಟುಕೊಂಡು 25 ನಿಮಿಷ ಓದು, 5 ನಿಮಿಷ ವಿರಾಮ ಎಂಬ ಕ್ರಮವನ್ನು ರೂಢಿಸಿಕೊಂಡರು. ಕುಕ್ಕರಿನ ಸೀಟಿ ಎಣಿಸುವ ಮನೆಗಳಿಗೆ ಇದು ಕಷ್ಟವಾಗಲಾರದು.

ಪುನರಾವರ್ತನೆಗೆ ಇಷ್ಟು ಮಹತ್ವವೇಕೆ? ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಅವರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದರು. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಜಾರಿಹೋಗಿತ್ತು. ಅರ್ಥವುಳ್ಳ ಪಾಠ ಇಷ್ಟು ಬೇಗ ಜಾರುವುದಿಲ್ಲ; ಆದರೆ ಜಾರುವ ರೀತಿ ಇದೇ. ಒಂದೇ ದಿನ ಹಲವು ಬಾರಿ ಓದುವುದಕ್ಕಿಂತ ಅದನ್ನೇ ಹಲವು ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುತ್ತದೆಂಬುದನ್ನೂ ಅವರು ಕಂಡುಕೊಂಡರು. ಆದ್ದರಿಂದ ಇಂದಿನ ಪಾಠವನ್ನು ನಾಳೆ, ಮತ್ತೆ ಒಂದು ವಾರದ ಮೇಲೆ, ಮತ್ತೆ ಒಂದು ತಿಂಗಳ ಮೇಲೆ ನೋಡುವ ಪದ್ಧತಿ ಇರಬೇಕು.

ನೋಡುವುದೆಂದರೆ ಮತ್ತೆ ಓದುವುದಲ್ಲ ಎಂಬುದು ಇನ್ನೂ ಮುಖ್ಯವಾದ ಮಾತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಬಾರಿ ಓದಿದರು. ಇನ್ನೊಂದು ಗದ್ಯಭಾಗವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಎರಡು ಬಾರಿ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ಬಳಿಕ ಲೆಕ್ಕ ತಿರುಗಿಬಿತ್ತು: ಎರಡು ಬಾರಿ ಓದಿದ್ದರಲ್ಲಿ ಶೇಕಡಾ 42, ಓದಿ ಬರೆದದ್ದರಲ್ಲಿ ಶೇಕಡಾ 56 ನೆನಪಿನಲ್ಲಿ ಉಳಿದಿತ್ತು. ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತ ಓದಿದರೆ ‘ಎಲ್ಲ ಬಂತು’ ಎಂಬ ಭ್ರಮೆ ಹುಟ್ಟುತ್ತದೆ. ಪುಸ್ತಕ ಮುಚ್ಚಿ ಬರೆಯಲು ಕುಳಿತಾಗ ಬಾರದಿರುವುದು ಯಾವುದೆಂದು ತಿಳಿಯುತ್ತದೆ. ಆ ತಿಳಿವೇ ಕಲಿಕೆಯ ಆರಂಭ.

ಈ ಸಭೆಯಲ್ಲಿರುವ ಹಿರಿಯರಿಗೆ ಇದು ಹೊಸ ಸಂಗತಿಯೆನಿಸಲಾರದು. ವೇದಪಾಠದಲ್ಲಿ ಗುರುಗಳು ಸಂಥೆ ಹೇಳಿಕೊಟ್ಟ ಮೇಲೆ ಶಿಷ್ಯನು ಪುಸ್ತಕವಿಲ್ಲದೆ ಮತ್ತೆ ಮತ್ತೆ ಆವೃತ್ತಿ ಮಾಡಬೇಕು. ಮರುದಿನ ಒಪ್ಪಿಸಿದ ಮೇಲೆಯೇ ಮುಂದಿನ ಪಾಠ. ಶಾಸ್ತ್ರಪಾಠದಲ್ಲಿ ಶ್ರವಣವಾದ ಮೇಲೆ ಮನನ ಬೇಕು. ಪ್ರತಿಪದೆ, ಅಷ್ಟಮಿ ಮೊದಲಾದ ಅನಧ್ಯಯನದ ದಿನಗಳಲ್ಲಿ ಹೊಸ ಪಾಠವಿಲ್ಲ. ಕೇಳುವುದು, ನೆನಪಿನಿಂದ ಹೇಳುವುದು, ನಡುವೆ ಬಿಡುವು ಎಂಬ ಮೂರನ್ನೂ ಆ ಪದ್ಧತಿ ಬಹುಕಾಲದಿಂದ ಇರಿಸಿಕೊಂಡಿದೆ.

ಭಾನುವಾರದ ನಾಲ್ಕು ಗಂಟೆಗಳು ಹಳೆಯ ಪ್ರಶ್ನಪತ್ರಿಕೆಗೆ. ಗಡಿಯಾರವಿಟ್ಟು, ನಡುವೆ ಏಳದೆ, ಮೂರು ಗಂಟೆ ಬರೆದು, ಉಳಿದ ಒಂದು ಗಂಟೆ ತಪ್ಪುಗಳನ್ನು ವಿಂಗಡಿಸಬೇಕು. ತಿಳಿಯದೆ ತಪ್ಪಿದ್ದು, ತಿಳಿದೂ ಅವಸರದಲ್ಲಿ ತಪ್ಪಿದ್ದು, ಹೊತ್ತು ಸಾಲದೆ ಬಿಟ್ಟಿದ್ದು ಎಂದು ಮೂರು ಬಗೆ. ಮೊದಲನೆಯದಕ್ಕೆ ಪಾಠವನ್ನು ಮತ್ತೆ ಓದಬೇಕು, ಎರಡನೆಯದಕ್ಕೆ ಲೆಕ್ಕವನ್ನು ನಿಧಾನವಾಗಿ ಬರೆಯುವ ರೂಢಿ ಬೇಕು, ಮೂರನೆಯದಕ್ಕೆ ಅಭ್ಯಾಸ ಬೇಕು. ಅಂಕ ಎಷ್ಟೆಂದು ಮಾತ್ರ ಕೇಳುವ ತಂದೆಗೆ ಈ ಭೇದ ಕಾಣುವುದಿಲ್ಲ.

ಈಗ ಮನೆಯವರ ಕರ್ತವ್ಯ. ಮಹಾನಗರದಲ್ಲಿ ಎಲ್ಲರಿಗೂ ಪ್ರತ್ಯೇಕ ಕೋಣೆಯಿಲ್ಲ. ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರದಲ್ಲಿ ಅಜ್ಜಿಯ ಧಾರಾವಾಹಿಯೂ ಮೊಮ್ಮಗಳ ಗಣಿತವೂ ಒಂದೇ ಗೋಡೆಯೊಳಗೆ ನಡೆಯಬೇಕು. ದಿನಕ್ಕೆ ಮೂರು ಗಂಟೆ ಟಿ.ವಿ. ಮುಚ್ಚಿಡಲಾಗದಿದ್ದರೆ, ಮೊದಲ ಎಪ್ಪತ್ತೈದು ನಿಮಿಷವಾದರೂ ಮುಚ್ಚಿಡಬೇಕು. ಅದೂ ಸಾಧ್ಯವಿಲ್ಲದಿದ್ದರೆ ಹತ್ತಿರದ ವಾಚನಾಲಯವೋ ಕಟ್ಟಡದಲ್ಲೇ ಇರುವ ಬಂಧುಗಳ ಮನೆಯೋ ಆದೀತು. ಮೊಬೈಲು ಓದಿಗೆ ಬೇಕೆಂಬುದು ನಿಜ. ಪಾಠದ ವಿಡಿಯೊ ನೋಡುವಾಗ ಮಾತ್ರ ಕೈಯಲ್ಲಿರಲಿ, ಲೆಕ್ಕ ಬಿಡಿಸುವಾಗ ಅಡುಗೆಮನೆಯ ಕಪಾಟಿನಲ್ಲಿರಲಿ. ತಂದೆಯ ಮೊಬೈಲೂ ಅದೇ ಕಪಾಟಿನಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಮನೆಗೆ ನೆಂಟರು ಬಂದಾಗ ಹುಡುಗ ಪುಸ್ತಕ ಹಿಡಿದು ಕುಳಿತಿದ್ದರೆ ‘ಓದಲಿ ಬಿಡಿ’ ಎನ್ನುವವರೇ, ಹುಡುಗಿ ಕುಳಿತಿದ್ದರೆ ‘ಸ್ವಲ್ಪ ಕಾಫಿ ಮಾಡಮ್ಮ’ ಎನ್ನುತ್ತಾರೆ. ಪರೀಕ್ಷೆ ಇಬ್ಬರಿಗೂ ಒಂದೇ. ಕೆಲಸ ಕಲಿಯುವುದು ಇಬ್ಬರಿಗೂ ಬೇಕು. ಆ ಮೂರು ಗಂಟೆಯ ರಕ್ಷಣೆಯೂ ಇಬ್ಬರಿಗೂ ಸಮಾನವಾಗಿ ಸಲ್ಲಬೇಕು.

ಯಾವ ಯೋಜನೆಯೂ ಮುರಿಯದೆ ನಡೆಯುವುದಿಲ್ಲ. ಮಳೆಗಾಲದಲ್ಲಿ ರೈಲು ನಿಲ್ಲುತ್ತದೆ, ಮನೆಯಲ್ಲಿ ಶ್ರಾದ್ಧ ಬರುತ್ತದೆ, ಊರಿನಲ್ಲಿ ಮದುವೆ ಬರುತ್ತದೆ. ವರ್ಷದ ಆರಂಭದಲ್ಲೇ ಪಂಚಾಂಗವನ್ನು ಮುಂದಿಟ್ಟುಕೊಂಡು ಆ ದಿನಗಳನ್ನು ಬಿಟ್ಟೇ ಯೋಜನೆ ಹಾಕಬೇಕು. ಬೇಗ ಬರುವ ಮೂರು ದಿನಗಳಲ್ಲಿ ಒಂದು ದಿನದ ಎರಡು ಗಂಟೆಯನ್ನು ಖಾಲಿಯಾಗಿ ಇರಿಸಬೇಕು. ವಾರದಲ್ಲಿ ತಪ್ಪಿದ್ದು ಅಲ್ಲಿ ತುಂಬುತ್ತದೆ. ಅಲ್ಲಿಯೂ ತುಂಬದಿದ್ದರೆ ಬಿಟ್ಟು ಮುಂದೆ ಸಾಗಬೇಕು. ನಿನ್ನೆಯ ಬಾಕಿಯನ್ನು ಇಂದಿನ ನಿದ್ರೆಯಿಂದ ತೀರಿಸುವುದು ಸಾಲ ಮಾಡಿ ಸಾಲ ತೀರಿಸಿದಂತೆ.

ಕೊನೆಯದಾಗಿ, ಮನಸ್ಸು ಭಾರವಾದರೂ ಹೇಳಲೇಬೇಕಾದ ಸಂಗತಿ. ಸರಕಾರದ ಅಪರಾಧ ದಾಖಲೆಗಳ ಪ್ರಕಾರ 2022ರಲ್ಲಿ ಈ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರೆಲ್ಲರ ದುಃಖಕ್ಕೂ ಪರೀಕ್ಷೆಯೇ ಕಾರಣವಲ್ಲ. ಆದರೆ ಊಟ ಬಿಟ್ಟ, ನಿದ್ರೆ ಕೆಟ್ಟ, ಮಾತು ನಿಲ್ಲಿಸಿದ ಮಗುವನ್ನು ‘ಓದಿನ ಚಿಂತೆ’ ಎಂದು ಸುಮ್ಮನೆ ಬಿಡಬಾರದು. ಹತ್ತಿರ ಕುಳಿತು ಕೇಳಬೇಕು, ವೈದ್ಯರಿಗೆ ತೋರಿಸಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಜೆ.ಇ.ಇ. ಮೇನ್ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ, ಎರಡರಲ್ಲಿ ಉತ್ತಮವಾದದ್ದೇ ಗಣನೆಗೆ ಬರುತ್ತದೆ. ಮಂಡಳಿಯೂ ಪೂರಕ ಪರೀಕ್ಷೆ ನಡೆಸುತ್ತದೆ. ಪರೀಕ್ಷೆಗೆ ಎರಡನೆಯ ಅವಕಾಶವುಂಟು, ಮಗುವಿಗೆ ಬದಲಿಯಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ದಣಿದು ಬಂದ ಮಗುವಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅಂಕದ್ದಲ್ಲ, ಹಸಿವಿನದು. ಆಮೇಲೆ ಮೂರು ಗಂಟೆಯ ಶಾಂತಿಯನ್ನು ಮನೆ ಒದಗಿಸಲಿ, ಆ ಮೂರು ಗಂಟೆಯ ಪ್ರಾಮಾಣಿಕತೆಯನ್ನು ಮಗು ಒದಗಿಸಲಿ. ಫಲವನ್ನು ಭಗವಂತನಿಗೆ ಬಿಡಬಹುದು. ಎಲ್ಲ ವಿದ್ಯಾರ್ಥಿಗಳಿಗೂ ಶ್ರೇಯಸ್ಸಾಗಲಿ.