ಭರವಸೆಯ ಬಾಗಿಲು



ಇವತ್ತು ಒಂದು ಹಳೇ ಶಾಲೆಯ ಕತೆ ಹೇಳ್ತೀನಿ, ಕೇಳಿ. ಅದು ಇದ್ದದ್ದು ಸಮುದ್ರದಾಚೆ, ಸಿಂಗಪುರದಲ್ಲಿ.

1854ರಲ್ಲಿ ನಾಲ್ಕು ಜನ ಕ್ಯಾಥೊಲಿಕ್ ಸಿಸ್ಟರುಗಳು ಅಲ್ಲಿಗೆ ಬಂದರು. ಅವರಲ್ಲಿ ಹಿರಿಯರು ಮದರ್ ಮತಿಲ್ಡ್. ಒಂದು ಹಳೇ ಬಂಗಲೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಅನಾಥ ಮಕ್ಕಳನ್ನೂ ಸಾಕಿದರು.

ಅಲ್ಲಿ ರಸ್ತೆ ಕಡೆಗೆ ಒಂದು ಸಣ್ಣ ಬಾಗಿಲು ಇತ್ತು. ಕೆಲವರು ರಾತ್ರಿ ಹೊತ್ತು ಕೂಸುಗಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಹೆಚ್ಚಿನವು ಹೆಣ್ಣು ಕೂಸು. ಕೆಲವರಿಗೆ ಬಡತನ. ಇನ್ನು ಕೆಲವರಿಗೆ ಮೂಢನಂಬಿಕೆ. ಚೀನೀ ಪಂಚಾಂಗದಲ್ಲಿ ಹುಲಿ ವರ್ಷ ಅಂತ ಒಂದಿದೆ. ಆ ವರ್ಷ ಹುಟ್ಟಿದ ಹೆಣ್ಣು ಮನೆಗೆ ಕೇಡು ಅಂತ ನಂಬುತ್ತಿದ್ದರು. ನಮ್ಮಲ್ಲೂ ಮೂಲಾ ನಕ್ಷತ್ರದ ಹುಡುಗಿ ಬೇಡ ಅಂತಾರಲ್ಲ, ಹಾಗೆ!

ಬೇಡವಾದ ಆ ಕೂಸುಗಳನ್ನು ಸಿಸ್ಟರುಗಳು ಎತ್ತಿಕೊಂಡರು. ಅಕ್ಷರ ಕಲಿಸಿದರು. ಹೊಲಿಗೆ ಕಲಿಸಿದರು.

1983ರಲ್ಲಿ ಶಾಲೆ ಬೇರೆ ಜಾಗಕ್ಕೆ ಹೋಯಿತು. 1990ರಲ್ಲಿ ಸರಕಾರ ಹಳೇ ಬಂಗಲೆ ಮತ್ತು ಪ್ರಾರ್ಥನಾ ಮಂದಿರವನ್ನು ರಾಷ್ಟ್ರೀಯ ಸ್ಮಾರಕ ಅಂತ ಸಾರಿತು. ರಿಪೇರಿ ಆಯಿತು. 1996ರಲ್ಲಿ ಚೈಮ್ಸ್ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಈಗ ಅಲ್ಲಿ ಊಟದ ಹೋಟೆಲುಗಳಿವೆ. ಪ್ರಾರ್ಥನಾ ಮಂದಿರದಲ್ಲಿ ಮದುವೆಗಳು ನಡೆಯುತ್ತವೆ.

ಅಯ್ಯೋ, ಶಾಲೆ ಹೋಗಿ ಹೋಟೆಲಾಯಿತಾ ಅಂತೀರಾ? ಬೇಸರ ಸಹಜ. ಆದರೆ ಗೋಡೆ ಉಳಿಯಿತು. ಆ ಸಣ್ಣ ಬಾಗಿಲೂ ಉಳಿಯಿತು. ಅದರ ಹೆಸರು ‘ಭರವಸೆಯ ಬಾಗಿಲು’. ಪಕ್ಕದಲ್ಲೇ ಅದರ ಕತೆ ಬರೆದ ಫಲಕ ಇದೆ.

ನಿಮ್ಮೂರಲ್ಲೂ ಹಳೇ ಶಾಲೆ ಪಾಳು ಬಿದ್ದಿದೆಯಾ? ಕೆಡವುವ ಮೊದಲು ಯೋಚನೆ ಮಾಡಿ. ಅದು ಬೇರೆ ಕೆಲಸಕ್ಕೆ ಬಂದೀತು. ಅಲ್ಲಿ ಯಾರು ಕಲಿತರು ಅಂತ ಹಿರಿಯರನ್ನು ಕೇಳಿ. ಕೇಳಿದ್ದನ್ನು ಬರೆದಿಡಿ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ!